ಹೊಟ್ಟೆ ಸಾಕು ಅಂತು, ಕೈ ಕೇಳ್ಬೇಕಲ್ಲ

ತೂಕ ಇಳಿಸೋ ಆಪರೇಷನ್ ಆಗಿ 19 ತಿಂಗಳಾಯ್ತು. ಇಷ್ಟು ದಿನದಲ್ಲಿ ನನ್ನನ್ನ ಕಂಡವ್ರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಇಳ್ಸಿದೆ?" ಸರಿ, ಅದನ್ನ ಮೊದ್ಲೇ ಹೇಳಿ ಮುಗಿಸ್ಬಿಡ್ತೀನಿ. ಆಪರೇಷನ್ ದಿನ 118 ಕೆಜಿ ಇದ್ದೆ, ತೀರಾ ಕಡಿಮೆ ಅಂದ್ರೆ 73ಕ್ಕೆ ಬಂದಿದ್ದೆ, ಇವತ್ತಿನ ಲೆಕ್ಕ ಕೊನೇಲಿ ಹೇಳ್ತೀನಿ. ಆದ್ರೆ ನಾನು ಬರೀಬೇಕು ಅಂತಿರೋದು ತೂಕದ ಬಗ್ಗೆ ಅಲ್ಲ. "ಸಾಕು" ಅನ್ನೋ ಒಂದು ಮಾತಿನ ಬಗ್ಗೆ. ನಲವತ್ತು ವರ್ಷ ನನ್ನ ಹೊಟ್ಟೆ ನಂಗೆ ಸಾಕು ಅಂತ ಹೇಳಿದ್ದೇ ಇಲ್ಲ, ಅಥವಾ ಹೇಳಿದ್ರೂ ನಂಗೆ ಕೇಳಿಸಿಲ್ಲ. ಈಗ ಅದು ಎರಡನೇ ತುತ್ತಿಗೇ ಕಿರುಚುತ್ತೆ.

ನಂದು ಗ್ಯಾಸ್ಟ್ರಿಕ್ ಬೈಪಾಸ್. ಹೊಟ್ಟೆಯ ಮೇಲ್ತುದೀಲಿ ಸುಮಾರು 30 ಎಂಎಲ್ ಹಿಡಿಯೋ ಒಂದು ಚಿಕ್ಕ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳಿನ ಮಧ್ಯಭಾಗವನ್ನ ಎಳೆದು ತಂದು ಹೊಲೀತಾರೆ. ಉಳಿದ ಹೊಟ್ಟೆ ಎಲ್ಲೂ ಹೋಗಲ್ಲ, ಒಳಗೇ ಇರುತ್ತೆ, ಅದರ ರಸಾನೂ ಕೆಳಗೆ ಬಂದು ಸೇರುತ್ತೆ, ಊಟ ಮಾತ್ರ ಆ ದಾರೀಲಿ ಹೋಗಲ್ಲ. 30 ಎಂಎಲ್ ಅಂದ್ರೆ ಒಂದು ಕೋಳಿಮೊಟ್ಟೆಯಷ್ಟೂ ಆಗಲ್ಲ ನೋಡಿ. ನನ್ನ ಪಕ್ಕದ ಬೆಡ್ಡಿನಲ್ಲಿದ್ದವ್ರು ಸ್ಲೀವ್ ಮಾಡ್ಸಿಕೊಂಡಿದ್ರು, ಅದ್ರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗ್ದು ಬಾಳೆಹಣ್ಣಿನ ಥರ ಒಂದು ಕೊಳವೆ ಉಳಿಸ್ತಾರೆ. ಈ ಬೈಪಾಸ್ ಹುಟ್ಟಿದ್ದು ಹೇಗೆ ಅಂತ ಆಸ್ಪತ್ರೇಲಿ ನಿದ್ದೆ ಬರದ ರಾತ್ರಿ ಓದಿದ್ದೆ. ಹಿಂದೆ ಅಲ್ಸರ್ ಅಂತ ಹೊಟ್ಟೆಯ ಸ್ವಲ್ಪ ಭಾಗ ತೆಗೆಸಿಕೊಂಡವ್ರು ಆಮೇಲೆ ಸಣ್ಣ ಆಗ್ತಿದ್ರು, ಎಷ್ಟು ಮಾಡಿದ್ರೂ ಮೈ ಹತ್ತುತ್ತಿರಲಿಲ್ಲ. ಅಮೆರಿಕದ ಅಯೋವಾ ಯೂನಿವರ್ಸಿಟಿಯ ಎಡ್ವರ್ಡ್ ಮೇಸನ್ ಅನ್ನೋ ಸರ್ಜನ್‌ಗೆ ಇದೇ ಎಳೆ ಸಿಕ್ಕಿ, ಅವ್ರು ಚಿಕಾಶಿ ಇಟೊ ಅನ್ನೋ ಸಹೋದ್ಯೋಗಿ ಜೊತೆ ಸೇರಿ 1966ರಲ್ಲಿ ಇದನ್ನ ಶುರು ಮಾಡಿದ್ರಂತೆ. ಒಬ್ಬರ ತೊಂದ್ರೇನೇ ಇನ್ನೊಬ್ಬರಿಗೆ ಚಿಕಿತ್ಸೆ.

ಮೊದಲ ವಾರ ನಂಗೆ ನೆನಪಿರೋದು ನೀರು. ಬರೀ ನೀರು. ಔಷಧಿ ಬಾಟಲಿ ಜೊತೆ ಬರುತ್ತಲ್ಲ ಆ ಪುಟಾಣಿ ಅಳತೆ ಕಪ್, ಅದ್ರಲ್ಲಿ ಗುಟುಕು ಗುಟುಕಾಗಿ, ಹತ್ತು ಹದಿನೈದು ನಿಮಿಷಕ್ಕೊಂದು ಕಪ್ಪು. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸ್ಬೇಕು ಅಂದಿದ್ರು, ನೀವೇ ಲೆಕ್ಕ ಹಾಕಿ, ಎದ್ದಾಗಿಂದ ಮಲಗೋವರೆಗೆ ಅದೇ ಕೆಲಸ. ಮೊದ್ಲೆಲ್ಲ ಹೊರಗಡೆ ಓಡಾಡಿ ಬಂದು ಒಂದು ದೊಡ್ಡ ಚೊಂಬು ನೀರು ಗಟಗಟ ಅಂತ ಒಂದೇ ಸಲಕ್ಕೆ ಇಳಿಸ್ತಿದ್ದೆನಲ್ಲ, ಆ ಸುಖ ಹೋಯ್ತು ಅಂತ ನಾಲ್ಕನೇ ದಿನ ಗೊತ್ತಾಗಿ ಅಡುಗೆಮನೇಲಿ ನಿಂತು ಅತ್ತೆ. ಸಿಹಿ ಬಿಡ್ಬೇಕು, ಕರಿದಿದ್ದು ಬಿಡ್ಬೇಕು ಅಂತ ಎಲ್ಲಾರೂ ಹೇಳಿದ್ರು, ಗಟಗಟ ನೀರು ಕುಡಿಯೋದು ಬಿಡ್ಬೇಕು ಅಂತ ಯಾರೂ ಹೇಳಿರ್ಲಿಲ್ಲ. ಹೇಳಿದ್ರೋ ಏನೋ, ನಾನು ತೂಕದ ಚಾರ್ಟ್ ನೋಡ್ತಾ ಕೂತಿದ್ದೆ.

ಮೊದ್ಲು ನೀರಿನ ಥರದ್ದು, ಆಮೇಲೆ ಸ್ವಲ್ಪ ಗಟ್ಟಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿರೋದು, ಹೀಗೆ ಮಗುವಿಗೆ ಊಟ ಕಲಿಸೋ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸ್ತಾರೆ. ಐದನೇ ವಾರ ಮೊದಲ ಮೊಟ್ಟೆ ಬಂತು. ಒಂದು ತುತ್ತು ಆಯ್ತು, ಚೆನ್ನಾಗಿತ್ತು. ಎರಡನೇದು ಆಯ್ತು. ಮೂರನೇದು ಬಾಯಿಗೆ ಹಾಕೊಂಡೆ ನೋಡಿ, ಎದೆ ಮಧ್ಯೆ ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗಾಯ್ತು, ಬಾಯಿ ತುಂಬ ನೊರೆ ನೊರೆ ಜೊಲ್ಲು, ಮೂಗಲ್ಲಿ ನೀರು, ಓಡಿಹೋಗಿ ಸಿಂಕಿಗೆ ಬಗ್ಗಿದೆ. ಆಮೇಲೆ ಡಯೆಟಿಷಿಯನ್ ಹೇಳಿದ್ರು, ಮೂಗು ಸೋರೋದು, ಬಿಕ್ಕಳಿಕೆ, ಸೀನು, ಇದೇ ಕೆಲವರಿಗೆ ಹೊಟ್ಟೆ ತುಂಬ್ತು ಅನ್ನೋ ಸೂಚನೆ, ಎದೆ ಒತ್ತೋವರೆಗೆ ಕಾಯ್ಬೇಡಿ, ಮೂಗಿನ ಮಾತು ಕೇಳಿ ಅಂತ. ಹೊಟ್ಟೆ ತುಂಬಿದ್ದು ಹೊಟ್ಟೇಲೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ನಾನು, ನಂಗೆ ಮೂಗಲ್ಲಿ ಗೊತ್ತಾಗುತ್ತೆ! ಈಗ್ಲೂ ಊಟದ ಮಧ್ಯೆ ಕರ್ಚೀಫ್ ತೆಗೆದ್ರೆ ಮನೆಯವ್ರು ಕೇಳ್ದೆ ನನ್ನ ತಟ್ಟೆ ಎತ್ತಿ ಬದಿಗಿಡ್ತಾರೆ.

ವಿಚಿತ್ರ ಏನಂದ್ರೆ ಹಸಿವು ಸುಮಾರು ಒಂದೂವರೆ ವರ್ಷ ನಾಪತ್ತೆ. ಹೊಟ್ಟೆ ಚಿಕ್ಕದಾದ್ದರಿಂದ ಅಂತ ನಾನು ಅಂದ್ಕೊಂಡಿದ್ದೆ, ಅಷ್ಟೇ ಅಲ್ವಂತೆ. ಊಟ ಬೇಗ ಕೆಳಗಿನ ಕರುಳಿಗೆ ಇಳಿಯೋದ್ರಿಂದ ಜಿಎಲ್‌ಪಿ-1, ಪಿವೈವೈ ಅನ್ನೋ ಹಾರ್ಮೋನ್‌ಗಳು ಜಾಸ್ತಿ ಬಿಡುಗಡೆಯಾಗಿ ಮಿದುಳಿಗೆ "ತುಂಬ್ತು" ಅಂತ ಹೇಳ್ತವೆ, ಈಗ ಎಲ್ಲಾರ ಬಾಯಲ್ಲಿರೋ ತೂಕದ ಇಂಜೆಕ್ಷನ್‌ಗಳು ನಕಲು ಮಾಡೋದೂ ಇದೇ ಜಿಎಲ್‌ಪಿ-1ನ್ನ. ಸ್ಲೀವ್ ಆದವ್ರಿಗೆ ಇನ್ನೊಂದು ಕಾರಣ ಇದೆ, 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ, ಅದನ್ನೇ ತೆಗೆದುಬಿಡ್ತಾರಲ್ಲ. ಇದನ್ನ ಓದಿದ ದಿನ ನಂಗೆ ಸಮಾಧಾನಕ್ಕಿಂತ ಸಿಟ್ಟು ಬಂತು. ಇಷ್ಟು ವರ್ಷ ನಾಲಿಗೆ ಕಟ್ಟಕ್ಕಾಗಲ್ವಾ, ಮನಸ್ಸು ಗಟ್ಟಿ ಇಲ್ವಾ ಅಂತ ಬೈಸಿಕೊಂಡಿದ್ದೆಲ್ಲ ಅರ್ಧಕ್ಕರ್ಧ ಈ ಕೆಮಿಕಲ್‌ಗಳ ಆಟಾನಾ? ಅದೇ ನಾನು, ಅದೇ ನಾಲಿಗೆ, ಅದೇ ಮನಸ್ಸು, ಮೂರು ಗಂಟೆ ಆಪರೇಷನ್ ಆದ್ಮೇಲೆ ತಿಂಡಿ ಡಬ್ಬದ ಮುಂದೆ ಕೂತು ಅದನ್ನ ಮುಟ್ಟದೆ ಎದ್ದುಹೋಗ್ತೀನಿ ಅಂದ್ರೆ ಅದ್ರಲ್ಲಿ ನನ್ನ ಸಂಕಲ್ಪಶಕ್ತಿ ಎಲ್ಲಿ ಬಂತು.

ಹಸಿವಿಲ್ಲ ಅಂದ್ರೆ ಸುಖ ಅಂತೀರಾ? ತಿನ್ನೋದೇ ಡ್ಯೂಟಿ ಆಗೋಯ್ತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಅದನ್ನ ತಟ್ಟೇಲಿ ಮೊದಲು ತಿನ್ಬೇಕು, ಆಮೇಲೆ ತರಕಾರಿ, ಕೊನೇಲಿ ಜಾಗ ಇದ್ರೆ ಬೇರೆ. ಜಾಗ ಇರ್ತಾನೇ ಇರ್ಲಿಲ್ಲ. ಊಟದ ಜೊತೆ ನೀರಿಲ್ಲ, ಆದ್ಮೇಲೆ ಅರ್ಧ ಗಂಟೆ ಇಲ್ಲ. ಒಂದೊಂದು ತುತ್ತು ಇಪ್ಪತ್ತು ಸಲ ಅಗಿಬೇಕು. ಫೋನಲ್ಲಿ ಅಲಾರಂ ಇಟ್ಕೊಂಡು ತಿನ್ನೋದು ಅಂದ್ರೆ ಎಂಥ ಬೇಜಾರು ಅಂತ ಮೂರು ಹೊತ್ತೂ ಊಟದ ಬಗ್ಗೇನೇ ಯೋಚಿಸ್ತಾ ಬದುಕಿದವ್ರಿಗೆ ಮಾತ್ರ ಅರ್ಥ ಆಗೋದು.

ಡಂಪಿಂಗ್ ಅಂತ ಒಂದಿದೆ. ನಾಲ್ಕನೇ ತಿಂಗಳು, ಆಫೀಸಲ್ಲಿ ಯಾರದ್ದೋ ಬರ್ತ್‌ಡೇ, ಕೇಕಿನ ಒಂದು ಚೂರು, ಕ್ರೀಂ ಇರೋ ಕಡೆ. ತಪ್ಪು ಅಂತ ಗೊತ್ತಿತ್ತು, ಒಂದು ಚೂರಲ್ವಾ ಅಂದ್ಕೊಂಡೆ. ಹದಿನೈದು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿ ಹಿಂಡಿ, ಟಾಯ್ಲೆಟ್ಟಲ್ಲಿ ನೆಲದ ಮೇಲೆ ಕೂತು ಟೈಲ್ಸಿಗೆ ಕೆನ್ನೆ ಒತ್ತಿಕೊಂಡು ಸತ್ತೇಹೋಗ್ತೀನಿ ಅಂದ್ಕೊಂಡೆ. ಸಕ್ಕರೆ ಒಂದೇ ಸಲಕ್ಕೆ ಕರುಳಿಗೆ ಇಳಿದ್ರೆ ಅದನ್ನ ತೆಳು ಮಾಡೋಕೆ ಮೈಯಲ್ಲಿನ ನೀರು ಕರುಳಿಗೆ ನುಗ್ಗುತ್ತಂತೆ, ಅದ್ರ ಪರಿಣಾಮ. ಒಂದು ಗಂಟೆ ಮಲಗಿ ಎದ್ದೆ, ಸರಿಹೋಯ್ತು ಅಂದ್ಕೊಂಡ್ರೆ ಎರಡು ಗಂಟೆ ಆದ್ಮೇಲೆ ಕೈ ನಡುಕ, ಕಣ್ಣು ಮಂಜು. ಅದು ಇನ್ನೊಂದು ಥರದ್ದು, ಸಕ್ಕರೆ ಏರಿದ್ದಕ್ಕೆ ಇನ್ಸುಲಿನ್ ಹೆಚ್ಚಾಗಿ ಬಂದು ಶುಗರ್ ತೀರಾ ಕೆಳಗೆ ಬೀಳೋದು. ಒಂದು ಚೂರು ಕೇಕಿಗೆ ಎರಡು ಕಂತಿನ ಶಿಕ್ಷೆ. ಎಲ್ಲಾರಿಗೂ ಹೀಗೆ ಆಗಲ್ಲ, ಕೆಲವರಿಗೆ ಏನೂ ಆಗಲ್ಲ, ಅವ್ರನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ಮೊದ್ಲು ಅನ್ಸಿತ್ತು, ಈಗ ಇಲ್ಲ. ನಂಗೆ ಬೇಲಿ ಹಾಕಿಕೊಟ್ಟಿದ್ದೇ ಆ ಟೈಲ್ಸು.

ಕೂದಲು ಉದುರ್ತು, ಮೂರನೇ ತಿಂಗಳಿಂದ ಏಳನೇ ತಿಂಗಳವರೆಗೆ, ಬಾಚಣಿಗೇಲಿ ಉಂಡೆ ಉಂಡೆ. ಮೈಗೆ ಆದ ಆಘಾತಕ್ಕೆ ಕೂದಲೆಲ್ಲ ಒಟ್ಟಿಗೆ ರಜೆ ಹಾಕುತ್ತೆ, ಬೇರು ಸತ್ತಿರಲ್ಲ, ಬರುತ್ತೆ ಅಂದ್ರು, ಬಂತು, ಹಣೆ ಮೇಲೆ ಹುಲ್ಲಿನ ಥರ ನೆಟ್ಟಗೆ ನಿಂತಿದೆ. ಚಳಿ ಜಾಸ್ತಿ ಆಗುತ್ತೆ, ಎಲ್ಲಾರೂ ಫ್ಯಾನ್ ಹಾಕಿದ್ರೆ ನಾನು ಸ್ವೆಟರ್ ಹಾಕ್ತೀನಿ.

ಮಾತ್ರೆ ವಿಷ್ಯ ಮಾತ್ರ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನಾನೇ ಎಡವಿದೀನಿ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಮೈ ಹೆಚ್ಚಾಗಿ ಹೀರೋದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಬೈಪಾಸ್ ಆದವ್ರ ಊಟ ಆ ಭಾಗಕ್ಕೆ ಕಾಲೇ ಇಡಲ್ಲ. ಬಿ12 ಹೀರೋಕೆ ಹೊಟ್ಟೆಯಿಂದ ಬರೋ ಒಂದು ವಸ್ತು ಬೇಕು, ಅದಕ್ಕೂ ಊಟಕ್ಕೂ ಈಗ ಸರಿಯಾಗಿ ಭೇಟಿ ಆಗಲ್ಲ. ಅದಕ್ಕೇ ಜೀವನಪೂರ್ತಿ ಮಾತ್ರೆ, ಜೀವನಪೂರ್ತಿ ಬ್ಲಡ್ ಟೆಸ್ಟ್. ಕ್ಯಾಲ್ಸಿಯಂ ಕೂಡ ಸಿಟ್ರೇಟ್ ರೂಪದ್ದೇ ತಗೊಳ್ಳಿ ಅಂತಾರೆ, ಅದಕ್ಕೆ ಹೊಟ್ಟೆ ಆಸಿಡ್ ಅಷ್ಟಾಗಿ ಬೇಕಾಗಲ್ಲ. ಕಬ್ಬಿಣ ಕ್ಯಾಲ್ಸಿಯಂ ಒಟ್ಟಿಗೆ ನುಂಗೋ ಹಾಗಿಲ್ಲ, ಮಧ್ಯೆ ಎರಡು ಗಂಟೆ ಅಂತರ ಇರ್ಬೇಕು, ಎರಡೂ ಒಟ್ಟಿಗಿದ್ರೆ ಜಗಳ ಆಡೋ ಅಣ್ಣತಮ್ಮಂದಿರ ಹಾಗೆ. ನಾನೇನ್ ಮಾಡ್ದೆ, ಹತ್ತನೇ ತಿಂಗಳು, ಎಲ್ಲಾ ಚೆನ್ನಾಗಿದೆಯಲ್ಲ ಅಂತ ಎರಡು ತಿಂಗಳು ಮಾತ್ರೆ ಬಿಟ್ಟೆ. ಮೆಟ್ಟಿಲು ಹತ್ತಿದ್ರೆ ಏದುಸಿರು, 118 ಕೆಜಿ ಇದ್ದಾಗ ಬರ್ತಿದ್ದ ಹಾಗೇ. ಟೆಸ್ಟ್ ಮಾಡ್ಸಿದ್ರೆ ಕಬ್ಬಿಣ ತಳ ಕಂಡಿತ್ತು. ಇನ್ನೊಂದು ಸಲ ಹಲ್ಲು ಕೀಳ್ಸಿದಾಗ ಆ ಡಾಕ್ಟರ್ ಎಂದಿನ ನೋವಿನ ಮಾತ್ರೆ ಬರ್ಕೊಟ್ರು, ನಾನು ಬೈಪಾಸ್ ಅಂತ ಹೇಳೋಕೆ ಮರೆತಿದ್ದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ್ದು ನಮಗೆ ಬೇಡ, ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತೆ. ಮೆಡಿಕಲ್ ಶಾಪಿನ ಮುಂದೆ ನಿಂತು ಹೆಸರು ಓದಿದ್ದಕ್ಕೆ ಬಚಾವ್. ಮತ್ತೆ ಒಂದು ಮಾತು, ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ದಿನಗಟ್ಟಲೆ ವಾಂತಿ ಆಗ್ತಿದ್ರೆ "ಹೊಂದ್ಕೊಳ್ಳುತ್ತೆ ಬಿಡು" ಅಂತ ಮನೇಲಿ ಕೂರ್ಬೇಡಿ. ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಕ್ಕೆ, ಮಿದುಳಿಗೆ ಏಟು ಬೀಳುತ್ತೆ, ಕೂಡ್ಲೇ ಡಾಕ್ಟರ್ ಹತ್ರ ಹೋಗಿ.

ಇನ್ನು ಜನ. ಅಯ್ಯೋ ಈ ಜನ.

"ಶಾರ್ಟ್‌ಕಟ್ ಮಾಡ್ಬಿಟ್ಟೆ ಬಿಡು" ಅಂತ ಒಬ್ರು. ಮೂರು ತುತ್ತಿಗೆ ಸಿಂಕಿಗೆ ಓಡೋದು ಯಾವ ಊರಿನ ಶಾರ್ಟ್‌ಕಟ್ಟೋ. "ಈಗ ನೋಡು ಎಷ್ಟ್ ಚೆನ್ನಾಗ್ ಕಾಣ್ತೀಯ" ಅಂತ ಇನ್ನೊಬ್ರು, ಹೊಗಳಿಕೇನೇ, ನಾನೂ ನಗ್ತೀನಿ, ಆದ್ರೆ ರಾತ್ರಿ ಮಲಗಿದ್ಮೇಲೆ ಲೆಕ್ಕ ಶುರುವಾಗುತ್ತೆ, ಹಾಗಾದ್ರೆ ಮೊದ್ಲು ಹೇಗೆ ಕಾಣ್ತಿದ್ದೆ, ಹತ್ತು ವರ್ಷ ನಿಮ್ಮ ಮನಸ್ಸಲ್ಲಿ ಏನಿತ್ತು? ಲಿಫ್ಟಲ್ಲಿ ದಿನಾ ಸಿಗೋ ಒಬ್ರು ಆರು ವರ್ಷ ನನ್ನ ಕಡೆ ತಿರುಗಿ ನೋಡಿದವ್ರಲ್ಲ, ಈಗ ಬಾಗಿಲು ಹಿಡ್ಕೊಂಡು ನಿಲ್ತಾರೆ, ಗುಡ್ ಮಾರ್ನಿಂಗ್ ಅಂತಾರೆ. ನಂಗೆ ಖುಷಿ ಆಗ್ಬೇಕು. ಆದ್ರೆ ಆ 118 ಕೆಜಿ ಹೆಂಗಸಿಗೆ ಕೈಯಲ್ಲಿ ಎರಡೆರಡು ಬ್ಯಾಗ್ ಇದ್ದಾಗ ಬಾಗಿಲು ಹಿಡಿದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್, ಅವ್ಳಿಗೇ ಅಲ್ವಾ ಹೆಚ್ಚು ಬೇಕಾಗಿದ್ದಿದ್ದು. ಅವಳ ಪರವಾಗಿ ನಂಗೆ ಕೋಪ ಬರುತ್ತೆ, ಅವಳು ಬೇರೆ ಯಾರೋ ಅನ್ನೋ ಹಾಗೆ.

ಅಮ್ಮ ಇನ್ನೊಂದು ಕಥೆ. ಮೊದಲ ಮೂವತ್ತು ಕೆಜಿ ಇಳಿಯೋವರೆಗೆ ಸಿಕ್ಕವ್ರಿಗೆಲ್ಲ ಫೋಟೋ ತೋರಿಸ್ತಿದ್ರು. 80ರ ಕೆಳಗೆ ಬಂದಿದ್ದೇ ತಡ, "ಸಾಕಮ್ಮ ಇನ್ನು, ಮುಖ ಸೊರಗಿ ಹೋಗಿದೆ, ಕಾಯಿಲೆಯವ್ಳ ಥರ ಕಾಣ್ತೀಯ" ಅಂತ ಶುರು. ಊಟಕ್ಕೆ ಕೂತಾಗ ಮಾತ್ರ ಉಲ್ಟಾ, ನಾನು ಸಾಕು ಅಂದ್ರೆ "ಇಷ್ಟೇನಾ, ಇನ್ನೊಂದ್ ಸ್ವಲ್ಪ" ಅಂತ. ಅಮ್ಮ, ಒಂದೋ ಅಲ್ಲಿ ಸಾಕು ಅನ್ನು ಇಲ್ಲ ಇಲ್ಲಿ ಸಾಕು ಅನ್ನೋಕೆ ಬಿಡು ಅಂದ್ರೆ ಮುನಿಸು. ಪಾಪ, ಬಡಿಸೋದು ಬಿಟ್ರೆ ಪ್ರೀತಿ ತೋರಿಸೋಕೆ ಬೇರೆ ದಾರಿ ಅವ್ರಿಗೆ ಯಾರೂ ಕಲಿಸಿಲ್ಲ. ನಂಗೂ ಕಲಿಸಿರ್ಲಿಲ್ಲ ಅನ್ನೋದು ಬೇರೆ ಮಾತು.

ಮನೆಯವ್ರ ಜೊತೇನೂ ಒಂದು ಕಾಲ ಕಷ್ಟ ಆಯ್ತು. ನಮ್ಮಿಬ್ರಿಗೂ ಇದ್ದ ದೊಡ್ಡ ಹವ್ಯಾಸಾನೇ ಒಟ್ಟಿಗೆ ಹೊರಗೆ ಹೋಗಿ ತಿನ್ನೋದು, ಈಗ ಅವ್ರು ತಿಂತಾರೆ, ನಾನು ಎದುರಿಗೆ ಕೂತು ಎರಡು ಚಮಚ ಆದ್ಮೇಲೆ ಫೋನ್ ನೋಡ್ತೀನಿ. "ನಿನ್ನ ಜೊತೆ ಊಟ ಮಾಡಿದ್ರೆ ಎಕ್ಸಾಂ ಹಾಲಲ್ಲಿ ಕೂತ ಹಾಗಾಗುತ್ತೆ" ಅಂದ್ರು ಒಂದಿನ. ಸ್ವೀಡನ್ನಿನಲ್ಲಿ 1987ರಿಂದ ಬೇರೆ ಬೇರೆ ಥರದ ತೂಕ ಇಳಿಸೋ ಆಪರೇಷನ್ ಆದವ್ರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಆಯಸ್ಸು ಜಾಸ್ತಿ ಆಯ್ತು, ಶುಗರ್ ಕಡಿಮೆ ಆಯ್ತು ಅನ್ನೋದೆಲ್ಲ ಅದ್ರಲ್ಲಿದೆ. ಅದ್ರ ಜೊತೆಗೇ, ಆಪರೇಷನ್ ಮಾಡಿಸಿಕೊಳ್ಳದವ್ರಿಗಿಂತ ಮಾಡಿಸಿಕೊಂಡವ್ರಲ್ಲಿ ಸಂಬಂಧ ಮುರಿದಿದ್ದೂ ಹೆಚ್ಚು, ಒಂಟಿಯಾಗಿದ್ದವ್ರಿಗೆ ಹೊಸ ಜೋಡಿ ಸಿಕ್ಕಿದ್ದೂ ಹೆಚ್ಚು ಅಂತ ಕಂಡುಬಂತು. ಅದನ್ನ ನಾನೇ ಅವ್ರಿಗೆ ಓದಿ ಹೇಳಿದೆ, ಇಬ್ರೂ ಒಂದು ನಿಮಿಷ ಸುಮ್ನಾದ್ವಿ. ಆಮೇಲೆ "ಹಾಗಾದ್ರೆ ಸಂಜೆ ವಾಕ್ ಹೋಗೋಣ್ವಾ" ಅಂದ್ರು. ಹೋಗ್ತಾ ಇದೀವಿ, ವಾರಕ್ಕೆ ನಾಲ್ಕು ದಿನ ಅಂತೂ ಗ್ಯಾರಂಟಿ, ಮಾತಾಡೋಕೆ ಊಟದ ತಟ್ಟೆಗಿಂತ ರಸ್ತೇನೇ ವಾಸಿ ಅಂತ ಈಗ ಅನ್ಸುತ್ತೆ.

ಕನ್ನಡಿ ಹೇಳೋದನ್ನ ನಾನಿನ್ನೂ ನಂಬಲ್ಲ. ಎರಡು ಕುರ್ಚಿ ಮಧ್ಯೆ ಹೋಗೋವಾಗ ಈಗ್ಲೂ ಮೈ ಓರೆ ಮಾಡಿ ಉಸಿರು ಒಳಗೆಳ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಇನ್ನೊಬ್ರು ಹೋಗೋಷ್ಟು ಜಾಗ ಮಿಕ್ಕಿರುತ್ತೆ. ಕೈ ಇರೋ ಕುರ್ಚಿ ಕಂಡ್ರೆ ಹಿಡಿಸುತ್ತಾ ಅಂತ ಕಣ್ಣಲ್ಲೇ ಅಳೀತೀನಿ. ಅಂಗಡೀಲಿ ಕೈ ತಾನಾಗೇ ದೊಡ್ಡ ಸೈಜಿನ ಕಡೆ ಹೋಗುತ್ತೆ. ಬಟ್ಟೆ ಒಳಗೆ ಇನ್ನೊಂದು ಬಟ್ಟೆ ಇದ್ದ ಹಾಗೆ ಚರ್ಮ ಜೋತುಬಿದ್ದಿದೆ, ತೋಳಲ್ಲಿ, ಹೊಟ್ಟೇಲಿ, ತೊಡೇಲಿ, ಸೆಖೆಗೆ ಮಡಿಕೇಲಿ ಗಾಯ ಆಗುತ್ತೆ, ಇದನ್ನ ಯಾವ ಬಿಫೋರ್-ಆಫ್ಟರ್ ಫೋಟೋನೂ ತೋರಿಸಲ್ಲ. ತೆಗೆಸ್ಬಹುದಂತೆ, ತೂಕ ಒಂದು ಕಡೆ ನಿಂತ್ಮೇಲೆ. ನಂಗೆ ಸದ್ಯಕ್ಕೆ ಇನ್ನೊಂದು ಆಪರೇಷನ್ ಟೇಬಲ್ ಬೇಡ.

ಈಗ ಕೈ ವಿಷ್ಯಕ್ಕೆ ಬರ್ತೀನಿ. ಹೊಟ್ಟೆಗೆ ಆಪರೇಷನ್ ಆಯ್ತು, ಕೈಗೆ ಆಗಿಲ್ಲ. ಆಫೀಸಿಂದ ಬಂದು ಬ್ಯಾಗ್ ಇಟ್ಟ ಆ ಹತ್ತು ನಿಮಿಷ ಇದೆಯಲ್ಲ, ಆಗ ಮೊದ್ಲು ಡಬ್ಬ ತೆಗೀತಿದ್ದೆ, ಹಸಿವಿಗಲ್ಲ, ದಿನ ಮುಗೀತು ಅಂತ ಮೈಗೆ ಹೇಳೋಕೆ. ತಿನ್ನೋಕಾಗ್ದೇ ಇದ್ದ ಮೊದಲ ವರ್ಷ ಆ ಹತ್ತು ನಿಮಿಷ ಎಲ್ಲಿಗೆ ಹೋಯ್ತು ಗೊತ್ತಾ? ಫೋನಿಗೆ. ಆನ್‌ಲೈನಲ್ಲಿ ಬಟ್ಟೆ, ಚಪ್ಪಲಿ, ಅಡುಗೆ ಪಾತ್ರೆ (ತಿನ್ನೋದು ಎರಡು ಚಮಚ, ಪಾತ್ರೆ ಒಂದು ಕಪಾಟು!). ಕಾರ್ಡಿನ ಬಿಲ್ ನೋಡಿ ಮನೆಯವ್ರು ಒಂದೂ ಮಾತಾಡ್ದೆ ಅದನ್ನ ಫ್ರಿಜ್ ಮೇಲೆ ಅಂಟಿಸಿದ್ರು. ಆಸ್ಪತ್ರೇಲಿ ನನ್ನ ಜೊತೆ ಬೈಪಾಸ್ ಆಗಿದ್ದ ಒಬ್ರು ಕುಡಿತದ ಕಡೆ ವಾಲಿದ್ರು, ಮೊದ್ಲು ಅವ್ರಿಗೆ ಅದು ದೊಡ್ಡ ವಿಷ್ಯಾನೇ ಆಗಿರ್ಲಿಲ್ಲ. ಬೈಪಾಸ್ ಆದ್ಮೇಲೆ ಮದ್ಯ ಬೇಗ ರಕ್ತಕ್ಕೇರುತ್ತೆ, ಒಂದು ಗ್ಲಾಸು ಹಿಂದಿನ ಎರಡರ ಕೆಲಸ ಮಾಡುತ್ತೆ, ಚಟ ಹತ್ತೋ ಅಪಾಯ ಎರಡನೇ ವರ್ಷದಲ್ಲಿ ಹೆಚ್ಚಾಗೋದು ಅಧ್ಯಯನಗಳಲ್ಲೂ ಕಂಡಿದೆ. ಅವ್ರು ಈಗ ಕೌನ್ಸೆಲಿಂಗಿಗೆ ಹೋಗ್ತಿದ್ದಾರೆ, ನಾನೂ ಅವ್ರನ್ನ ನೋಡಿಯೇ ಸೇರ್ಕೊಂಡೆ. ಆಪರೇಷನ್‌ಗೆ ಮುಂಚೆ ಮನೋವೈದ್ಯರ ಹತ್ರ ಒಂದು ಸಹಿಗೆ ಕಳಿಸಿದ್ರು, ಇಪ್ಪತ್ತು ನಿಮಿಷದಲ್ಲಿ ಮುಗೀತು. ನನ್ನ ಕೇಳಿದ್ರೆ ಮೊದ್ಲಿನ ಆ ಇಪ್ಪತ್ತು ನಿಮಿಷಕ್ಕಿಂತ ಆಪರೇಷನ್ ಆದ್ಮೇಲೆ ಎರಡು ಗಂಟೆ ಬೇಕಿತ್ತು.

ಒಂದೂವರೆ ವರ್ಷದ ಹತ್ರ ಹಸಿವು ವಾಪಸ್ ಬಂತು. ಒಂದಿನ ಮಧ್ಯಾಹ್ನ ಹನ್ನೆರಡಕ್ಕೆ ಹೊಟ್ಟೆ ಗುರ್ ಅಂತು, ನಾನು ಬೆಚ್ಚಿಬಿದ್ದೆ. ಚೀಲಾನೂ ಸ್ವಲ್ಪ ಹಿಗ್ಗಿದೆ, ಈಗ ಒಂದು ಚಿಕ್ಕ ಬಟ್ಟಲು ಹಿಡಿಸುತ್ತೆ, ಅದು ಎಲ್ಲಾರಿಗೂ ಆಗೋದೇ ಅಂತೆ. ಹೆದರಿಕೆ ಆಗಿದ್ದು ಅದಕ್ಕಲ್ಲ. ನಂಗೆ ಗೊತ್ತಾಗಿಹೋಯ್ತು, ಒಂದೇ ಸಲಕ್ಕೆ ಜಾಸ್ತಿ ತಿಂದ್ರೆ ತಾನೇ ಮೂಗು ಸೋರೋದು, ಸ್ವಲ್ಪ ಸ್ವಲ್ಪ ಸ್ವಲ್ಪ ತಿಂದ್ರೆ ಈ ಹೊಟ್ಟೆಗೂ ಮೋಸ ಮಾಡ್ಬಹುದು. ಬಾದಾಮಿ ನಾಲ್ಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನಾಲ್ಕು, ಮಧ್ಯೆ ಒಂದು ಬಿಸ್ಕೆಟ್, ಅದು ಬಾಯಲ್ಲೇ ಕರಗಿಹೋಗುತ್ತೆ, ಹೊಟ್ಟೆಗೆ ಸುದ್ದೀನೇ ಮುಟ್ಟಲ್ಲ. ಎಲ್ಲಾ ನಿಂತ್ಕೊಂಡೇ, ಕಪಾಟಿನ ಬಾಗಿಲು ಅರ್ಧ ತೆಗ್ದು, ದೀಪ ಹಾಕ್ದೆ. ಕೂತು ತಿಂದ್ರೆ ಊಟ, ನಿಂತು ತಿಂದ್ರೆ ಲೆಕ್ಕಕ್ಕಿಲ್ಲ ಅಂತ ಕೈ ಎಲ್ಲಿಂದ ಕಲಿತ್ಕೊಂಡಿತೋ.

ಇವತ್ತು ಬೆಳಿಗ್ಗೆ 76.2. ತಿಂಗಳ ಹಿಂದೆ 73.4 ಇತ್ತು. ಕಡಿಮೆ ತೂಕಕ್ಕೆ ಮುಟ್ಟಿದ ಮೇಲೆ ಸ್ವಲ್ಪ ವಾಪಸ್ ಏರೋದು ಮಾಮೂಲು, ಅದು ಓದಿ ಗೊತ್ತಿದೆ, ಆದ್ರೂ ತಕ್ಕಡಿ ಮೇಲೆ ನಿಂತಾಗ ಓದಿದ್ದು ಯಾವುದೂ ನೆನಪಿಗೆ ಬರಲ್ಲ. ಹಿಂದಿನ ನಾನಾಗಿದ್ರೆ ತಕ್ಕಡಿನ ಮಂಚದ ಕೆಳಗೆ ತಳ್ಳಿ ಆರು ತಿಂಗಳು ಮರೀತಿದ್ದೆ. ತಳ್ಳಿದ್ದೂ ಹೌದು, ಸುಳ್ಳು ಯಾಕೆ ಹೇಳ್ಲಿ, ಒಂದು ವಾರ ಅಲ್ಲೇ ಇತ್ತು. ಆಮೇಲೆ ಡಯೆಟಿಷಿಯನ್‌ಗೆ ಫೋನ್ ಮಾಡ್ದೆ, ಬೈತಾರೆ ಅಂತ ಗಂಟಲು ಒಣಗಿತ್ತು, ಅವ್ರು "ಸರಿ, ಗುರುವಾರ ಬನ್ನಿ, ಅಲ್ಲಿವರೆಗೆ ತಿಂದಿದ್ದೆಲ್ಲ ಬರ್ದಿಡಿ, ನಿಂತು ತಿಂದಿದ್ದೂ" ಅಂದ್ರು. ನಿಂತು ತಿಂತೀನಿ ಅಂತ ನಾನು ಹೇಳಿರ್ಲಿಲ್ಲ.

ಹಳೇ ನೋಟ್‌ಬುಕ್ ಒಂದು ತೆಗ್ದಿದೀನಿ. ಮೊದಲ ಸಾಲು: ಬೆಳಿಗ್ಗೆ 7.10, ಬಾದಾಮಿ, ಎಣಿಸಿಲ್ಲ, ನಿಂತು.